ಹಳೆಯ ಕಂಟ್ರಿ, ಹೊಸ ಕಂಟ್ರಿ: ನಿಜಕ್ಕೂ ಬದಲಾದದ್ದು ಯಾವುದು?

ಮಲ್ಲೇಶ್ವರದ ಕೇಳುಗ:

ಅಮೆರಿಕದ ದಕ್ಷಿಣದ ಹಳ್ಳಿಗಾಡಿನಲ್ಲಿ ಹುಟ್ಟಿದ ಕಂಟ್ರಿ ಸಂಗೀತದ ಮಾತು ಈ ಬಳಗದಲ್ಲಿ ಆಗಾಗ ಬರುತ್ತದೆ. ಬಂದಾಗಲೆಲ್ಲ ಅದು ‘ಹಳೆಯದು ಅಸಲಿ, ಹೊಸದು ಬರೀ ಪಾಪ್’ ಎಂಬ ತೀರ್ಪಿಗೆ ಬಂದು ನಿಲ್ಲುತ್ತದೆ. ಆ ತೀರ್ಪಿನಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಅದು ಏನನ್ನೂ ವಿವರಿಸುವುದಿಲ್ಲ.

ಹ್ಯಾಂಕ್ ವಿಲಿಯಮ್ಸ್ 1949ರಲ್ಲಿ ಧ್ವನಿಮುದ್ರಿಸಿದ ‘ಐ ಆ್ಯಮ್ ಸೋ ಲೋನ್‌ಸಮ್ ಐ ಕುಡ್ ಕ್ರೈ’ ಹಾಡನ್ನೂ ಫ್ಲಾರಿಡಾ ಜಾರ್ಜಿಯಾ ಲೈನ್ ಜೋಡಿಯ 2012ರ ‘ಕ್ರೂಸ್’ ಹಾಡನ್ನೂ ಒಂದರ ಹಿಂದೊಂದು ಕೇಳಿ. ಮೊದಲನೆಯದು ಮೂರರ ನಡೆಯಲ್ಲಿ ಸಾಗುವ, ಡ್ರಮ್ಸ್ ಇಲ್ಲದ ಹಾಡು. ಅದರಲ್ಲಿ ಇರುಳು ಕೂಗುವ ಹಕ್ಕಿಯಿದೆ, ನಡುರಾತ್ರಿಯ ರೈಲಿದೆ, ಉದುರುವ ನಕ್ಷತ್ರವಿದೆ. ಹಾಡುವವನಿಗೆ ಆದದ್ದೇನು, ಅವಳು ಯಾರು, ಏಕೆ ಬಿಟ್ಟುಹೋದಳು ಎಂಬ ಒಂದು ಮಾತೂ ಇಲ್ಲ. ಎರಡನೆಯದರಲ್ಲಿ ಟ್ರಕ್ಕು, ಹಳ್ಳಿ ರಸ್ತೆ, ಹುಡುಗಿ ಎಲ್ಲವನ್ನೂ ಹೆಸರಿಟ್ಟು ಕರೆದಿದ್ದಾರೆ, ಆದರೂ ಆ ರಸ್ತೆ ಯಾವ ಊರಿನದೂ ಆಗಿಲ್ಲ. ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ ಆ ಹಾಡು 24 ವಾರ ಮೊದಲ ಸ್ಥಾನದಲ್ಲಿತ್ತು ಎಂಬುದನ್ನು ನೆನೆದರೆ, ಇದನ್ನು ಕಂಟ್ರಿ ಅಲ್ಲವೆಂದು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ನನ್ನ ಅನಿಸಿಕೆ ಇಷ್ಟು: ಬ್ಯಾಂಜೊ ಹೋಗಿ ಎಲೆಕ್ಟ್ರಿಕ್ ಗಿಟಾರ್ ಬಂದದ್ದು ಮೇಲ್ನೋಟದ ಬದಲಾವಣೆ. ಹಾಡಿನ ಮಾತಿಗೂ ಅದರ ಹಿಮ್ಮೇಳಕ್ಕೂ ಇದ್ದ ಸಂಬಂಧ ಬದಲಾಗಿದೆ. ವ್ಯತ್ಯಾಸವನ್ನು ಹುಡುಕಬೇಕಾದದ್ದು ಅಲ್ಲಿ. ತಿಳಿದವರು ಬರೆಯಬೇಕು.

ಚಾಂಪಿಯನ್ ರೀಫ್:

ಸರ್, ಮೊದಲು ಹಳೆಯದು ಎಂದರೆ ಯಾವುದೆಂದು ನಿಶ್ಚಯವಾಗಲಿ. ನಾನು ಬೆಳೆದ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಆಂಗ್ಲೋ-ಇಂಡಿಯನ್ ಮನೆಗಳ ಪಾಲಿಗೆ ಕಂಟ್ರಿ ಎಂದರೆ ಜಿಮ್ ರೀವ್ಸ್. ಡಿಸೆಂಬರ್ ಬಂತೆಂದರೆ ಅವರ 1963ರ ಕ್ರಿಸ್‌ಮಸ್ ಹಾಡುಗಳ ಗ್ರಾಮಫೋನ್ ತಟ್ಟೆ ಕ್ವಾರ್ಟರ್ಸ್ ಸಾಲಿನ ಒಂದಲ್ಲ ಒಂದು ಮನೆಯಲ್ಲಿ ತಿರುಗುತ್ತಲೇ ಇರುತ್ತಿತ್ತು. ನಮ್ಮ ತಂದೆಯ ತಲೆಮಾರಿನವರಿಗೆ ಅದಕ್ಕಿಂತ ಹಳೆಯ, ಅದಕ್ಕಿಂತ ಶುದ್ಧವಾದ ಕಂಟ್ರಿ ಇನ್ನೊಂದಿರಲಿಲ್ಲ.

ಆದರೆ ಅಮೆರಿಕದಲ್ಲಿ ಅದೇ ಜಿಮ್ ರೀವ್ಸ್ ಅಂದಿನ ‘ಹೊಸ ಕಂಟ್ರಿ’ಯ ಮುಖವಾಗಿದ್ದರು. 1950ರ ದಶಕದ ನಡುವಿನಲ್ಲಿ ಎಲ್ವಿಸ್ ಪ್ರೆಸ್ಲಿಯ ಅಲೆ ಎದ್ದು, ಕಿರಿಯ ಕೇಳುಗರು ರಾಕ್ ಅಂಡ್ ರೋಲ್ ಕಡೆಗೆ ಹೊರಳಿದಾಗ, ಕಂಟ್ರಿ ಉದ್ಯಮದ ಕೇಂದ್ರವಾದ ಟೆನೆಸೀಯ ನ್ಯಾಶ್‌ವಿಲ್‌ನಲ್ಲಿ ಆರ್‌ಸಿಎ ಕಂಪನಿಯ ಚೆಟ್ ಆ್ಯಟ್ಕಿನ್ಸ್, ಡೆಕ್ಕಾ ಕಂಪನಿಯ ಓವೆನ್ ಬ್ರಾಡ್ಲಿ ಮೊದಲಾದ ನಿರ್ಮಾಪಕರು ದೊಡ್ಡವರ, ಪಟ್ಟಣದವರ ಕಿವಿಗೆ ಒಗ್ಗುವ ಧ್ವನಿಯೊಂದನ್ನು ರೂಪಿಸಿದರು. ಫಿಡಲ್ (ಹಳ್ಳಿ ಶೈಲಿಯಲ್ಲಿ ನುಡಿಸುವ ವಯಲಿನ್), ಸ್ಟೀಲ್ ಗಿಟಾರ್‌ಗಳನ್ನು ಬದಿಗೆ ಸರಿಸಿ, ಪಿಯಾನೊ, ವಯಲಿನ್ ಮೇಳ ಮತ್ತು ಮೆತ್ತಗಿನ ಕೋರಸ್ ತಂದರು. ಇದಕ್ಕೆ ‘ನ್ಯಾಶ್‌ವಿಲ್ ಸೌಂಡ್’ ಎಂದು ಹೆಸರಾಯಿತು. ರೀವ್ಸ್ 1959ರಲ್ಲಿ ಹಾಡಿದ ‘ಹೀಲ್ ಹ್ಯಾವ್ ಟು ಗೋ’ ಕೇಳಿದರೆ ಇದು ತಿಳಿಯುತ್ತದೆ. ಬಾರೊಂದರಿಂದ ಫೋನ್ ಮಾಡಿ ಪ್ರೇಯಸಿಯ ಬಳಿ ಪಿಸುಗುಟ್ಟುವ ಗಂಡಸಿನ ಹಾಡು ಅದು. ಗಾಯಕ ಮೈಕಿಗೆ ತುಟಿ ತಾಗಿಸುವಷ್ಟು ಹತ್ತಿರ ನಿಂತು ಹಾಡಿದ್ದಾರೆ. ಬೆಟ್ಟದ ಮೇಲಿಂದ ಕೂಗಿ ಹಾಡುತ್ತಿದ್ದ ಹಿಂದಿನವರಿಗೆ ಇದು ಕಂಟ್ರಿಯೆಂದೇ ಅನ್ನಿಸದೆ ಇದ್ದಿರಬಹುದು.

ನನ್ನ ತಕರಾರು ಇಷ್ಟೇ. ಒಂದು ತಲೆಮಾರು ‘ಪಾಪ್‌ನ ಬೆರಕೆ’ ಎಂದು ಹಳಿದದ್ದನ್ನೇ ಮುಂದಿನ ತಲೆಮಾರು ‘ಹಳೆಯ ಚಿನ್ನ’ ಎನ್ನುತ್ತಿದೆ. ನೀವು ಹೇಳುವ ಗೆರೆಯನ್ನು ಎಲ್ಲಿ ಎಳೆಯುತ್ತೀರಿ?

ಆರು ತಂತಿ:

ಗೆರೆಯ ಮಾತು ಆಮೇಲೆ. ಮಾತು ಮತ್ತು ಹಿಮ್ಮೇಳದ ಸಂಬಂಧ ಎಂದಿರಲ್ಲ, ಅದನ್ನು ಗಿಟಾರ್ ನುಡಿಸುವವನಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1927ರ ಬೇಸಿಗೆಯಲ್ಲಿ ರಾಲ್ಫ್ ಪೀರ್ ಎಂಬವರು ವಿಕ್ಟರ್ ಕಂಪನಿಯ ಪರವಾಗಿ ಟೆನೆಸೀ ಮತ್ತು ವರ್ಜೀನಿಯಾ ರಾಜ್ಯಗಳ ಗಡಿಯ ಬ್ರಿಸ್ಟಲ್ ಪಟ್ಟಣಕ್ಕೆ ಬಂದು ಧ್ವನಿಮುದ್ರಣ ಯಂತ್ರ ಹೂಡಿದರು. ಆಗಸ್ಟ್ ತಿಂಗಳ ಒಂದೇ ವಾರದಲ್ಲಿ ಅಲ್ಲಿ ಕಾರ್ಟರ್ ಕುಟುಂಬವೂ ಹಾಡಿತು, ರೈಲ್ವೆಯಲ್ಲಿ ದುಡಿದು ಬಂದಿದ್ದ ಜಿಮ್ಮಿ ರಾಜರ್ಸ್ ಅವರೂ ಹಾಡಿದರು. ಕಾರ್ಟರ್ ಕುಟುಂಬದ ಮೇಬೆಲ್ ಅವರ ಬಲಗೈಯನ್ನು ಗಮನಿಸಬೇಕು. ಅವರು ಹೆಬ್ಬೆರಳಿನಲ್ಲಿ ಮಂದ್ರದ ತಂತಿಗಳ ಮೇಲೆ ಹಾಡಿನ ಮಟ್ಟನ್ನೇ ನುಡಿಸುತ್ತಾರೆ. ಅದೇ ಹೊತ್ತಿಗೆ ಮಿಕ್ಕ ಬೆರಳು ಮೇಲಿನ ತಂತಿಗಳನ್ನು ಸವರುತ್ತ ಲಯವನ್ನು ಹಿಡಿದಿರುತ್ತದೆ. ಅದೇ ಕುಟುಂಬದ ಗಾಯಕಿ ಸಾರಾ ಹಾಡು ನಿಲ್ಲಿಸಿದ ಕಡೆ ಗಿಟಾರ್ ಅದೇ ಸಾಲನ್ನು ಎತ್ತಿಕೊಳ್ಳುತ್ತದೆ. ಹಾಡುವವರಿಗೆ ಎಲ್ಲಿ ಉಸಿರು ಬೇಕೋ ಅಲ್ಲಿ ಸಾಲು ಕೊಂಚ ಉದ್ದವಾಗುತ್ತದೆ, ತಾಳವೂ ಅದರೊಡನೆ ಬಾಗುತ್ತದೆ. ಯಾವ ಯಂತ್ರವೂ ಅವರಿಗೆ ಲೆಕ್ಕ ಹಿಡಿದಿರಲಿಲ್ಲ.

ಮುಂದೆ ಈ ಉತ್ತರ ಕೊಡುವ ಕೆಲಸ ಸ್ಟೀಲ್ ಗಿಟಾರ್‌ನ ಪಾಲಾಯಿತು. ಅದು ಹವಾಯಿ ದ್ವೀಪಗಳಿಂದ ಬಂದ, ತಂತಿಗಳ ಮೇಲೆ ಉಕ್ಕಿನ ಸರಳು ಜಾರಿಸಿ ನುಡಿಸುವ ವಾದ್ಯ. ನಮ್ಮ ಹಳೆಯ ಹಿಂದಿ ಚಿತ್ರಗೀತೆಗಳಲ್ಲಿ ಕೇಳಿಬರುವ ‘ಹವಾಯಿಯನ್ ಗಿಟಾರ್’ ಅದರ ಸೋದರನೇ. ವೆಬ್ ಪಿಯರ್ಸ್ ಅವರ 1954ರ ‘ಸ್ಲೋಲಿ’ ಹಾಡಿನಲ್ಲಿ ಬಡ್ ಐಸಾಕ್ಸ್ ಎಂಬ ವಾದಕರು ಕಾಲಿನ ಪೆಡಲ್ ಒತ್ತಿ, ಒಂದು ತಂತಿ ನಿಂತಲ್ಲೇ ನಿಂತಿರುವಾಗ ಅದರ ಪಕ್ಕದ ತಂತಿಯ ಸ್ವರ ಮಾತ್ರ ಜಾರುವಂತೆ ಮಾಡಿದರು. ಅದನ್ನು ಕೇಳಿದ ಸ್ಟೀಲ್ ವಾದಕರೆಲ್ಲ ತಮ್ಮ ವಾದ್ಯಕ್ಕೆ ಪೆಡಲ್ ಹಾಕಿಸಲು ಮುಂದಾದರು. ಹಳೆಯ ಕಂಟ್ರಿಯ ಅಳು ಎಂದು ನಾವು ಗುರುತಿಸುವುದು ಬಹುಮಟ್ಟಿಗೆ ಆ ಜಾರುವಿಕೆಯನ್ನು. ಗಾಯಕ ಒಂದು ಸಾಲು ಮುಗಿಸಿ ಸುಮ್ಮನಾದ ಜಾಗದಲ್ಲಿ ಅದು ಬರುತ್ತದೆ. ಮಾತು ಮುಗಿದ ಮೇಲೆಯೇ ಬರುತ್ತದೆ, ಮಾತಿನ ಮೇಲೆ ಬೀಳುವುದಿಲ್ಲ.

ಇಂದಿನ ರೇಡಿಯೊ ಕಂಟ್ರಿಯಲ್ಲಿ ಬಹಳಷ್ಟು ಹಾಡುಗಳು ಹುಟ್ಟುವ ಕ್ರಮವೇ ಬೇರೆ. ಕೋಣೆಯಲ್ಲಿ ಮೂರು ನಾಲ್ಕು ಜನ ಬರಹಗಾರರು ಕೂತಿರುತ್ತಾರೆ, ಅವರಲ್ಲಿ ಒಬ್ಬರು ಕಂಪ್ಯೂಟರಿನಲ್ಲಿ ಡ್ರಮ್ ಲೂಪ್ (ಮತ್ತೆ ಮತ್ತೆ ಮರಳುವ ಡ್ರಮ್ ತುಣುಕು) ಮತ್ತು ಗಿಟಾರಿನ ಒಂದು ತುಣುಕನ್ನು ಮೊದಲೇ ಹೆಣೆದಿಟ್ಟಿರುತ್ತಾರೆ, ಉಳಿದವರು ಅದರ ಮೇಲೆ ಸಾಲು ಕೂರಿಸುತ್ತಾರೆ. ಮೊದಲು ಚಪ್ಪರ ಹಾಕಿಸಿ ಆಮೇಲೆ ಗಂಡು ಹುಡುಕಿದ ಹಾಗೆ. ವೇಗವನ್ನು ತಾಳದ ಲೆಕ್ಕ ಹಿಡಿಯುವ ಯಂತ್ರದ ಕ್ಲಿಕ್ ನಿಗದಿ ಮಾಡಿದೆ, ದನಿಯನ್ನು ಆಟೊ-ಟ್ಯೂನ್ ಎಂಬ ಸ್ವರ ತಿದ್ದುವ ತಂತ್ರಾಂಶ ನೇರ ಮಾಡಿದೆ, ಗಾಯಕನ ದನಿಯ ಹಿಂದೆ ಅದೇ ದನಿಯ ನಾಲ್ಕಾರು ಪದರಗಳಿವೆ. ಸಾಲಿಗೂ ಸಾಲಿಗೂ ನಡುವೆ ಬಿಡುವೇ ಇಲ್ಲದಿರುವಾಗ ಉತ್ತರ ಹೇಳಲು ವಾದ್ಯಕ್ಕೆ ಜಾಗ ಎಲ್ಲಿದೆ? ಬ್ಯಾಂಜೊ ಇದ್ದರೂ ಅದು ಬಣ್ಣಕ್ಕೆ ಮಾತ್ರ.

ಚಾಂಪಿಯನ್ ರೀಫ್:

ಆರು ತಂತಿಯವರೇ, ಹಳಬರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕೂತು ಹಾಡಿ ಮುಗಿಸುತ್ತಿದ್ದರೆಂಬ ನಂಬಿಕೆಗೂ ಒಂದು ಮಿತಿ ಇರಲಿ. ಪ್ಯಾಟ್ಸಿ ಕ್ಲೈನ್ ಅವರ ‘ಕ್ರೇಜಿ’ಯನ್ನೇ ತೆಗೆದುಕೊಳ್ಳಿ. ಆಗಿನ್ನೂ ಹೆಸರಾಗದ ವಿಲ್ಲಿ ನೆಲ್ಸನ್ ಬರೆದ ಹಾಡು ಅದು. 1961ರ ಆಗಸ್ಟ್‌ನಲ್ಲಿ ಧ್ವನಿಮುದ್ರಣಕ್ಕೆ ಬಂದಾಗ ಕ್ಲೈನ್ ಕಾರು ಅಪಘಾತದ ಪೆಟ್ಟಿನಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ; ಪಕ್ಕೆಲುಬಿನ ನೋವಿನಿಂದ ತಾರದ ಸ್ವರಗಳನ್ನು ಹಿಡಿದು ನಿಲ್ಲಿಸಲು ಆಗಲಿಲ್ಲ. ಹಾಗಾಗಿ ಹಿಮ್ಮೇಳವನ್ನು ಮೊದಲು ಮುದ್ರಿಸಿಟ್ಟುಕೊಂಡು, ಅವರು ಮತ್ತೊಮ್ಮೆ ಬಂದಾಗ ದನಿ ಸೇರಿಸಿದರು. ಆ ಹಾಡನ್ನು ಕೃತಕ ಎನ್ನುವವರು ಯಾರಿದ್ದಾರೆ?

ಆರು ತಂತಿ:

ಒಳ್ಳೆಯ ಉದಾಹರಣೆ, ಆದರೆ ಅದು ನನ್ನ ಮಾತಿಗೇ ಒದಗುತ್ತದೆ. ಅಂದು ದನಿ ಆಮೇಲೆ ಸೇರಿದರೂ ಹಿಮ್ಮೇಳದವರು ಆ ಹಾಡಿಗಾಗಿ, ಆ ಗಾಯಕಿಯ ನಡೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದೇ ಕೋಣೆಯಲ್ಲಿ ಒಬ್ಬರನ್ನೊಬ್ಬರು ಕೇಳುತ್ತ ನುಡಿಸಿದ್ದರು. ನ್ಯಾಶ್‌ವಿಲ್‌ನ ಸ್ಟುಡಿಯೊ ವಾದಕರು ಮೂರು ಗಂಟೆಯ ಒಂದು ಅವಧಿಯಲ್ಲಿ ಮೂರು ನಾಲ್ಕು ಹಾಡು ಮುಗಿಸುತ್ತಿದ್ದರು; ಸ್ವರಲಿಪಿಯ ಬದಲು ಸ್ವರಗುಚ್ಛಗಳನ್ನು (chord) 1, 4, 5 ಎಂಬ ಅಂಕಿಗಳಲ್ಲಿ ಬರೆದುಕೊಳ್ಳುವ ಪದ್ಧತಿ ಅಲ್ಲೇ ಬೆಳೆಯಿತು. ಗಾಯಕಿಗೆ ಶ್ರುತಿ ಎತ್ತರವಾಯಿತೆಂದರೆ ಅಂಕಿ ಹಾಗೆಯೇ ಇರುತ್ತದೆ, ಎಲ್ಲರೂ ಕೆಳಗಿನ ಶ್ರುತಿಗೆ ಇಳಿದರಾಯಿತು. ಅಂದರೆ ಇಡೀ ವ್ಯವಸ್ಥೆಯೇ ಹಾಡುವವರ ಗಂಟಲಿಗೆ ತಕ್ಕಂತೆ ಹೊಂದಿಕೊಳ್ಳುವುದಕ್ಕಾಗಿ ಇತ್ತು.

ಟೆನೆಸೀಯ ಕನ್ನಡಿಗ:

ಇಲ್ಲಿ ಇರುವವನಾಗಿ ನಾನು ಇನ್ನೊಂದು ಕಡೆಯಿಂದ ನೋಡುತ್ತೇನೆ. ಹಾಡು ಹೇಗೆ ತಯಾರಾಗುತ್ತದೆ ಎಂಬುದು ಅರ್ಧ ಕಥೆ. ಅದು ಯಾವ ದಾರಿಯಿಂದ ಕಿವಿಗೆ ಬರುತ್ತದೆ ಎಂಬುದು ಉಳಿದರ್ಧ.

1925ರಲ್ಲಿ ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ರೇಡಿಯೊ ಕೇಂದ್ರದಲ್ಲಿ ಆರಂಭವಾದ ಶನಿವಾರದ ಕಾರ್ಯಕ್ರಮವೇ ಮುಂದೆ ಗ್ರ್ಯಾಂಡ್ ಓಲ್ ಆಪ್ರಿ ಎನಿಸಿಕೊಂಡಿತು. ಆ ಕೇಂದ್ರವನ್ನು ನಡೆಸುತ್ತಿದ್ದದ್ದು ಒಂದು ವಿಮಾ ಕಂಪನಿ. ಆದ್ದರಿಂದ ಹಳೆಯ ಕಂಟ್ರಿ ವ್ಯಾಪಾರದ ಸೋಂಕಿಲ್ಲದೆ ಬೆಳೆಯಿತೆಂದು ಯಾರೂ ಭಾವಿಸಬೇಕಿಲ್ಲ. ಆದರೆ ಆ ಕಾಲದಲ್ಲಿ ಊರೂರಿನ ಕೇಂದ್ರಕ್ಕೆ ಅದರದೇ ಯಜಮಾನ, ಅದರದೇ ಡಿಸ್ಕ್ ಜಾಕಿ ಇದ್ದರು. ತಟ್ಟೆಗಳನ್ನು ಕಾರಿನ ಹಿಂಬದಿಯಲ್ಲಿ ತುಂಬಿಕೊಂಡು ಕೇಂದ್ರದಿಂದ ಕೇಂದ್ರಕ್ಕೆ ತಿರುಗಿದ ಗಾಯಕರ ಕಥೆ ಬೇಕಾದಷ್ಟಿವೆ. ಲೊರೆಟಾ ಲಿನ್ ತಮ್ಮ ಮೊದಲ ತಟ್ಟೆಯನ್ನು ಪತಿಯೊಡನೆ ಹಾಗೆಯೇ ಹಂಚಿಕೊಂಡು ನ್ಯಾಶ್‌ವಿಲ್ ತಲುಪಿದರು.

1996ರ ದೂರಸಂಪರ್ಕ ಕಾಯಿದೆ ಒಂದು ಕಂಪನಿ ದೇಶದಾದ್ಯಂತ ಎಷ್ಟು ರೇಡಿಯೊ ಕೇಂದ್ರಗಳನ್ನು ಹೊಂದಬಹುದೆಂಬ ಮಿತಿಯನ್ನೇ ತೆಗೆದುಹಾಕಿತು. ಅದಕ್ಕೆ ಮೊದಲು ಆ ಮಿತಿ 40ರ ಆಸುಪಾಸಿನಲ್ಲಿತ್ತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಯಲ್ಲಿ ಸಾವಿರಕ್ಕೂ ಹೆಚ್ಚು ಕೇಂದ್ರಗಳಿದ್ದವು. ಯಾವ ಹಾಡು ಪ್ರಸಾರವಾಗಬೇಕೆಂಬ ಪಟ್ಟಿ ಒಂದೆಡೆ ತಯಾರಾಗಿ ಎಲ್ಲೆಡೆ ಹೋಗತೊಡಗಿತು. ಜಾಹೀರಾತು ಮುಗಿಯುವ ತನಕ ಕೇಳುಗ ಬೇರೆ ಕೇಂದ್ರಕ್ಕೆ ತಿರುಗಿಸದಿರಬೇಕು. ಹಾಗಾಗಿ ಹಿಂದಿನ ಹಾಡಿಗೂ ಮುಂದಿನ ಹಾಡಿಗೂ ಹೆಚ್ಚು ಅಂತರವಿರಬಾರದು. ಕೆಲವು ವರ್ಷಗಳ ಹಿಂದೆ ಒಬ್ಬರು ಒಂದೇ ಅವಧಿಯ ಆರು ಜನಪ್ರಿಯ ಕಂಟ್ರಿ ಹಾಡುಗಳನ್ನು ಒಂದರ ಮೇಲೊಂದು ಪೇರಿಸಿ ವಿಡಿಯೊ ಮಾಡಿದ್ದರು. ಅವು ಎಲ್ಲಿಯೂ ಡಿಕ್ಕಿ ಹೊಡೆಯದೆ ಒಂದೇ ಹಾಡಿನಂತೆ ಸಾಗುತ್ತವೆ.

ಟ್ರಕ್ಕು, ಬಿಯರು, ಶುಕ್ರವಾರದ ರಾತ್ರಿ ಎಂಬ ಹಾಡುಗಳಿಗೆ 2013ರಲ್ಲಿ ಜೋಡಿ ರೋಸನ್ ಎಂಬ ವಿಮರ್ಶಕರು ‘ಬ್ರೋ-ಕಂಟ್ರಿ’ ಎಂದು ಹೆಸರಿಟ್ಟರು. ಆ ಹಾಡುಗಳ ದೋಷ ಅವನ್ನು ಬರೆದವರದಷ್ಟೇ ಅಲ್ಲ. ಅದೇ ಊರಿನಲ್ಲಿ ಬೇರೆ ಬಗೆಯ ಹಾಡು ಬರೆಯುವವರು ಆಗಲೂ ಇದ್ದರು, ಆದರೆ ರೇಡಿಯೊದ ಸೋಸುಬಟ್ಟೆಯ ಕಣ್ಣು ಅಷ್ಟು ಸಣ್ಣದಾಗಿತ್ತು.

ಓದುಗಿ:

ಆ ಸೋಸುವಿಕೆಯಲ್ಲಿ ಮೊದಲು ಹೊರಬಿದ್ದವರು ಹೆಂಗಸರು, ಇದನ್ನು ಯಾರೂ ಇನ್ನೂ ಬರೆದಿಲ್ಲ. ಹಳೆಯ ಕಾಲವೇ ಹೆಚ್ಚು ಮಡಿವಂತ ಎಂದು ನಾವು ಅಂದುಕೊಳ್ಳುತ್ತೇವೆ. 1952ರಲ್ಲಿ ಕಿಟ್ಟಿ ವೆಲ್ಸ್, ಮನೆ ಮುರಿದ ಹೆಂಗಸನ್ನು ದೂರುವ ಗಂಡಸಿನ ಹಾಡೊಂದಕ್ಕೆ ಉತ್ತರವಾಗಿ, ತಪ್ಪು ಗಂಡಸರದೂ ಹೌದು ಎಂದು ಹಾಡಿದರು. ಕೆಲವು ಕಡೆ ವಿರೋಧ ಬಂದರೂ ಆ ಹಾಡು ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯ ತುದಿ ತಲುಪಿತು. ಒಬ್ಬ ಗಾಯಕಿ ಏಕಾಂಗಿಯಾಗಿ ಅಲ್ಲಿಗೆ ತಲುಪಿದ್ದು ಅದೇ ಮೊದಲು. ಕೆಂಟಕಿಯ ಗಣಿ ಕಾರ್ಮಿಕನ ಮಗಳಾದ ಲೊರೆಟಾ ಲಿನ್ 1972ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ಅತ್ಯುನ್ನತ ಪ್ರಶಸ್ತಿ ಪಡೆದ ಮೊದಲ ಮಹಿಳೆ. 1975ರಲ್ಲಿ ಅವರು ಗರ್ಭನಿರೋಧಕ ಮಾತ್ರೆಯ ಬಗ್ಗೆ ಹಾಡಿದಾಗ ಹಲವು ಕೇಂದ್ರಗಳು ಪ್ರಸಾರ ಮಾಡಲಿಲ್ಲ, ಆದರೂ ಹಾಡು ಗೆದ್ದಿತು. ಇವೆಲ್ಲ ಆಗಿ ನಾಲ್ಕು ದಶಕ ಕಳೆದ ಮೇಲೆ, 2015ರಲ್ಲಿ, ಒಬ್ಬ ರೇಡಿಯೊ ಸಲಹೆಗಾರರು ಕಂಟ್ರಿ ಕೇಂದ್ರಗಳು ಗಾಯಕಿಯರ ಹಾಡನ್ನು ಕಡಿಮೆ ಮಾಡಬೇಕು, ಅವರು ಸಲಾಡಿನ ಮೇಲಿನ ಟೊಮೆಟೊ ಇದ್ದಂತೆ ಎಂದು ಬಹಿರಂಗವಾಗಿಯೇ ಹೇಳಿದರು. ಮುಂದಕ್ಕೆ ಬಂದಿರುವುದು ಯಾರು, ಹಿಂದಕ್ಕೆ ಹೋಗಿರುವುದು ಯಾರು?

ಕಪ್ಪು ಜನರ ವಿಷಯವೂ ಇಲ್ಲಿ ಸೇರಬೇಕು. ಬ್ಯಾಂಜೊ ಆಫ್ರಿಕಾದಿಂದ ಗುಲಾಮರಾಗಿ ಬಂದವರು ಕಟ್ಟಿಕೊಂಡ ವಾದ್ಯ. ಹ್ಯಾಂಕ್ ವಿಲಿಯಮ್ಸ್‌ಗೆ ಬಾಲ್ಯದಲ್ಲಿ ಸಂಗೀತ ಕಲಿಸಿದ್ದು ಅಲಬಾಮಾದ ಬೀದಿ ಗಾಯಕ ರೂಫಸ್ ಪೇಯ್ನ್. ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಹಳ್ಳಿ ಹಳ್ಳಿ ತಿರುಗಿ ಹಾಡು ಸಂಗ್ರಹಿಸುವಾಗ ಅವರೊಡನೆ ಇದ್ದು ಮಟ್ಟುಗಳನ್ನು ನೆನಪಿಟ್ಟುಕೊಂಡವರು ಲೆಸ್ಲಿ ರಿಡಲ್. ಆಪ್ರಿಯ ಮೊದಲ ತಾರೆಗಳಲ್ಲಿ ಒಬ್ಬರಾದ ಹಾರ್ಮೋನಿಕಾ ವಾದಕ ಡಿಫೋರ್ಡ್ ಬೇಲಿಯನ್ನು 1941ರಲ್ಲಿ ಕೈಬಿಡಲಾಯಿತು. ಇವರೆಲ್ಲ ಕಪ್ಪು ಜನರು. 1920ರ ದಶಕದ ತಟ್ಟೆ ಕಂಪನಿಗಳು ದಕ್ಷಿಣದ ಸಂಗೀತವನ್ನು ಬಿಳಿಯರಿಗೆ ‘ಹಿಲ್‌ಬಿಲಿ’, ಕರಿಯರಿಗೆ ‘ರೇಸ್’ ಎಂದು ಎರಡು ಕ್ಯಾಟಲಾಗುಗಳಾಗಿ ಸೀಳಿದವು; ಒಂದೇ ಅಂಗಳದಲ್ಲಿ ಒಟ್ಟಿಗೆ ನುಡಿಸುತ್ತಿದ್ದವರು ಅಂಗಡಿಯಲ್ಲಿ ಬೇರೆಯಾದರು. 2019ರಲ್ಲಿ ಕಪ್ಪು ರ್‍ಯಾಪ್ ಗಾಯಕ ಲಿಲ್ ನಾಸ್ ಎಕ್ಸ್ ಅವರ ‘ಓಲ್ಡ್ ಟೌನ್ ರೋಡ್’ ಹಾಡನ್ನು ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಿಂದ ತೆಗೆದಾಗಲೂ, ಕಪ್ಪು ಪಾಪ್ ತಾರೆ ಬಿಯಾನ್ಸೆ 2024ರಲ್ಲಿ ಕಂಟ್ರಿ ಹಾಡಿದಾಗಲೂ ಎದ್ದ ಗದ್ದಲಕ್ಕೆ ಬೇರು ಆ ಕ್ಯಾಟಲಾಗುಗಳಲ್ಲಿದೆ. ‘ಅಸಲಿ ಕಂಟ್ರಿ’ ಎಂದು ಬರೆಯುವವರು ಅದು ಯಾರ ಲೆಕ್ಕದ ಅಸಲಿ ಎಂಬುದನ್ನೂ ಬರೆಯಲಿ.

ಒಂದು ಪ್ರಶ್ನೆ ಉಳಿದಿದೆ: ಬಿಯಾನ್ಸೆಯ ‘ಟೆಕ್ಸಾಸ್ ಹೋಲ್ಡ್ ಎಮ್’ ಹಾಡಿನ ಆರಂಭದ ಬ್ಯಾಂಜೊ ಸದ್ದು ಬೇರೆಲ್ಲೂ ಕೇಳದಂತೆ ದಪ್ಪಗಿದೆ. ಅದು ಯಾವ ಶೈಲಿ?

ಹಳೇ ಕ್ಯಾಸೆಟ್:

ಈ ಗೋಳಾಟಕ್ಕೂ ಒಂದು ಇತಿಹಾಸವಿದೆ, ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1974ರಲ್ಲಿ ಆಸ್ಟ್ರೇಲಿಯಾದಲ್ಲಿ ಬೆಳೆದ ಪಾಪ್ ಗಾಯಕಿ ಒಲಿವಿಯಾ ನ್ಯೂಟನ್-ಜಾನ್‌ಗೆ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಗಾಯಕಿ ಪ್ರಶಸ್ತಿ ಬಂದಾಗ, ಸಿಟ್ಟಾದ ಹಿರಿಯ ಗಾಯಕರು ಜಾರ್ಜ್ ಜೋನ್ಸ್ ಮತ್ತು ಟ್ಯಾಮಿ ವೈನೆಟ್ ದಂಪತಿಯ ಮನೆಯಲ್ಲಿ ಸೇರಿ ಬೇರೆ ಸಂಘವನ್ನೇ ಕಟ್ಟಿದರು. ಮರುವರ್ಷ ಅತ್ಯುನ್ನತ ಪ್ರಶಸ್ತಿ ಜಾನ್ ಡೆನ್ವರ್‌ಗೆ ಎಂದು ಬರೆದಿದ್ದ ಚೀಟಿಗೆ ಚಾರ್ಲಿ ರಿಚ್ ವೇದಿಕೆಯ ಮೇಲೆಯೇ ಲೈಟರ್ ಹಚ್ಚಿದರು. ನಮ್ಮ ಬೆಂಗಳೂರಿನ ಕಾಲೇಜು ಹುಡುಗರು ಗಿಟಾರ್ ಕೈಗೆ ಬಂದ ಕೂಡಲೇ ಹಾಡುವ ‘ಕಂಟ್ರಿ ರೋಡ್ಸ್’ ಅದೇ ಡೆನ್ವರ್ ಅವರದು. 2000ದಲ್ಲಿ ಜಾರ್ಜ್ ಸ್ಟ್ರೇಟ್ ಮತ್ತು ಆ್ಯಲನ್ ಜ್ಯಾಕ್ಸನ್ ಸೇರಿ ನ್ಯಾಶ್‌ವಿಲ್‌ನಲ್ಲಿ ಕಂಟ್ರಿಯ ಕೊಲೆಯಾಗಿದೆ ಎಂದು ಹಾಡಿ, ಅದಕ್ಕೂ ಪ್ರಶಸ್ತಿ ಪಡೆದರು. ಕೊಲೆಯಾದದ್ದು ಇಷ್ಟು ಸಲ ಎದ್ದು ಬರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಲ್ಲೇಶ್ವರದ ಕೇಳುಗ:

ಎಲ್ಲರಿಗೂ ಧನ್ಯವಾದ. ಗೆರೆ ಎಲ್ಲಿ ಎಂಬ ಪ್ರಶ್ನೆಗೆ ಇಸವಿ ಹಿಡಿದು ಉತ್ತರಿಸಲಾರೆ, ಒಂದು ಹಾಡನ್ನು ಹಿಡಿದು ಉತ್ತರಿಸುತ್ತೇನೆ. ಜಾರ್ಜ್ ಜೋನ್ಸ್ ಅವರ 1980ರ ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ ಹಾಡನ್ನು ಹಳೆಯ ಕಂಟ್ರಿಯ ಶಿಖರವೆನ್ನುತ್ತಾರೆ. ಅದರಲ್ಲಿ ವಯಲಿನ್ ಮೇಳ ಉಕ್ಕಿ ಹರಿಯುತ್ತದೆ. ಶುದ್ಧತೆಯ ಅಳತೆಗೋಲು ಹಿಡಿದವರು ಅದನ್ನು ಪಾಪ್ ಎಂದು ಹೊರಗಿಡಬೇಕಾಗುತ್ತದೆ. ಆದರೆ ಅದರ ಕಟ್ಟಡ ನೋಡಿ. ಸಾಯುವ ತನಕ ಪ್ರೀತಿಸುತ್ತೇನೆ ಎಂದ ಒಬ್ಬ ಗಂಡಸು, ಅವನು ಜೋಪಾನ ಮಾಡಿದ ಹಳೆಯ ಪತ್ರಗಳು, ಅವನನ್ನು ನೋಡಲು ಬರುವ ಹಾಡುಗಾರ. ಶೀರ್ಷಿಕೆಯ ಸಾಲು ಬರುವ ತನಕ ಅದು ಪ್ರೇಮದ ಹಾಡು. ಆ ಸಾಲು ಬಂದ ಮೇಲೆ, ಅವನು ಪ್ರೀತಿಸುವುದನ್ನು ನಿಲ್ಲಿಸಿದ್ದು ಹೇಗೆಂದು ತಿಳಿದು, ಹಿಂದಿನ ಪ್ರತಿಯೊಂದು ವಿವರವೂ ಬೇರೆಯಾಗಿ ಕಾಣುತ್ತದೆ. ವಯಲಿನ್‌ಗಳು ಅಲ್ಲಿಯವರೆಗೆ ಕಾದು, ಆ ತಿರುವಿನಲ್ಲಿಯೇ ಏರುತ್ತವೆ. ವಾದ್ಯ ಯಾವುದಾದರೇನು, ಅದು ಕಥೆಯನ್ನು ಕೇಳಿಸಿಕೊಳ್ಳುತ್ತಿದೆ.

ಅದೇ ಅಳತೆಯಲ್ಲಿ ‘ಟೆನೆಸೀ ವಿಸ್ಕಿ’ ಹಾಡನ್ನು ನೋಡಬಹುದು, ಏಕೆಂದರೆ ಅದು ಎರಡೂ ಕಾಲಕ್ಕೆ ಸೇರಿದೆ. ಜೋನ್ಸ್ 1983ರಲ್ಲಿ ಅದನ್ನು ಹಾಡುವಾಗ ದನಿಯನ್ನು ಹಲ್ಲಿನ ನಡುವೆ ಹಿಡಿದು, ಸ್ವರದ ಕೆಳಗಿನಿಂದ ನಿಧಾನವಾಗಿ ಮೇಲೆ ಬಂದು ಪದವನ್ನು ಮುಟ್ಟುತ್ತಾರೆ. ಕ್ರಿಸ್ ಸ್ಟೇಪಲ್ಟನ್ 2015ರಲ್ಲಿ ಅದೇ ಸಾಹಿತ್ಯವನ್ನು ಕಪ್ಪು ಅಮೆರಿಕನ್ನರ ಹಳೆಯ ಸೋಲ್ ಸಂಗೀತದ ತೂಗುನಡೆಗೆ ಕೂರಿಸಿದರು. ಸೋಲ್ ಗಾಯಕಿ ಎಟಾ ಜೇಮ್ಸ್ ಅವರ ಒಂದು ಪ್ರಸಿದ್ಧ ಹಾಡಿನ ನೆರಳು ಅದರ ಮೇಲಿದೆ ಎಂದು ಕೇಳಿದವರಿಗೆಲ್ಲ ಅನ್ನಿಸಿದೆ. ಅವರು ಒಂದೊಂದು ಪದವನ್ನೂ ಹತ್ತಾರು ಸ್ವರಗಳಲ್ಲಿ ಎಳೆಯುತ್ತಾರೆ. ಶೈಲಿ ಪೂರ್ತಿ ಬೇರೆ, ಆದರೂ ಸಾಲುಗಳ ನಡುವೆ ಗಿಟಾರ್‌ಗೆ ಜಾಗ ಬಿಟ್ಟಿದ್ದಾರೆ, ಬ್ಯಾಂಡು ಉಸಿರಾಡುತ್ತಿದೆ. ಹೀಗಾಗಿ ನನ್ನ ಗೆರೆ 2015ರ ಸ್ಟೇಪಲ್ಟನ್ ಅವರನ್ನು ಜೋನ್ಸ್ ಇರುವ ಕಡೆಯಲ್ಲೇ ಇಡುತ್ತದೆ, 2012ರ ‘ಕ್ರೂಸ್’ ಅನ್ನು ಆಚೆ ಇಡುತ್ತದೆ.

ಟೆನೆಸೀಯ ಕನ್ನಡಿಗ:

ಹಾಗಾದರೆ ಟೈಲರ್ ಚಿಲ್ಡರ್ಸ್, ಬಿಲ್ಲಿ ಸ್ಟ್ರಿಂಗ್ಸ್, ಮಾಲಿ ಟಟಲ್ ಮೊದಲಾದವರೂ ಈಚೆಗೇ ಬರುತ್ತಾರೆ. ರೇಡಿಯೊವನ್ನು ಹೆಚ್ಚು ನೆಚ್ಚಿಕೊಳ್ಳದೆ ಸ್ಟ್ರೀಮಿಂಗ್ ಮತ್ತು ಸಂಗೀತ ಕಚೇರಿಗಳಿಂದಲೇ ಕೇಳುಗರನ್ನು ಸಂಪಾದಿಸಿಕೊಂಡವರು ಇವರು. ಕೆಂಟಕಿಯ ಚಿಲ್ಡರ್ಸ್ ತಮ್ಮ ಊರಿನ ಗಣಿ, ಹಳ್ಳ, ಮಾದಕ ವ್ಯಸನಗಳನ್ನು ಬರೆಯುವಾಗ ಅದು ಯಾವ ರಸ್ತೆಯೆಂದು ಕೇಳುಗನಿಗೆ ತಿಳಿಯುತ್ತದೆ.

ಆರು ತಂತಿ:

ಓದುಗಿಯವರ ಪ್ರಶ್ನೆಗೆ: ಆ ಬ್ಯಾಂಜೊ ನುಡಿಸಿದವರು ರಿಯಾನನ್ ಗಿಡೆನ್ಸ್. ಬ್ಲೂಗ್ರಾಸ್ (ಬ್ಯಾಂಜೊ, ಫಿಡಲ್‌ಗಳ ವೇಗದ ಕಂಟ್ರಿ ಪ್ರಕಾರ) ವಾದಕರು ಹೆಬ್ಬೆರಳೂ ಸೇರಿ ಮೂರು ಬೆರಳಿಗೆ ಕೃತಕ ಉಗುರು ತೊಡಿಸಿಕೊಂಡು, ಹೆಬ್ಬೆರಳಿನಿಂದ ಕೆಳಕ್ಕೂ ಉಳಿದೆರಡರಿಂದ ಮೇಲಕ್ಕೂ ಮೀಟುತ್ತಾರೆ. ಗಿಡೆನ್ಸ್ ಅವರದು ಅದಕ್ಕಿಂತ ಹಳೆಯ ‘ಕ್ಲಾಹ್ಯಾಮರ್’ ಪದ್ಧತಿ. ಅದರಲ್ಲಿ ಬೆರಳನ್ನು ಮಡಿಸಿ ಉಗುರಿನ ಹಿಂಬದಿಯಿಂದ ತಂತಿಯನ್ನು ಕೆಳಕ್ಕೆ ಹೊಡೆದು, ಒಡನೆಯೇ ಹೆಬ್ಬೆರಳಿನಿಂದ ಗಿಡ್ಡನೆಯ ಐದನೇ ತಂತಿಯನ್ನು ಬಿಡಿಸುತ್ತಾರೆ. ನಿಮಗೆ ದಪ್ಪವೆನ್ನಿಸಿದ್ದು ಆ ಹೊಡೆತದ ಸದ್ದಾಗಿರಬೇಕು. ನಾರ್ತ್ ಕೆರೊಲಿನಾದ ಮೆಬೇನ್ ಎಂಬಲ್ಲಿದ್ದ ಕಪ್ಪು ಫಿಡಲ್ ವಾದಕ ಜೋ ಥಾಂಪ್ಸನ್ ಅವರ ಮನೆಗೆ ಹೋಗಿ, ಎದುರು ಕೂತು, ಅವರು ತಮ್ಮ ಹಿರಿಯರಿಂದ ಪಡೆದಿದ್ದ ಮಟ್ಟುಗಳನ್ನು ಗಿಡೆನ್ಸ್ ಮತ್ತು ಅವರ ಗೆಳೆಯರು ಕಲಿತರು. ಆಮೇಲೆ ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್ ಎಂಬ ತಂಡ ಕಟ್ಟಿದರು. ಅವರ 2010ರ ಆಲ್ಬಮ್‌ಗೆ ಗ್ರ್ಯಾಮಿ ಬಂದಿದೆ. ಅದನ್ನು ಮೊದಲು ಕೇಳಿ, ಆಮೇಲೆ ಬಿಯಾನ್ಸೆಯ ಹಾಡನ್ನು ಇನ್ನೊಮ್ಮೆ ಹಾಕಿಕೊಳ್ಳಿ. ಆರಂಭದ ಆ ಕೆಲವು ಕ್ಷಣಗಳಲ್ಲಿ ಬಲಗೈ ಏನು ಮಾಡುತ್ತಿದೆಯೆಂದು ಆಗ ಬಿಡಿಬಿಡಿಯಾಗಿ ಕೇಳಿಸುತ್ತದೆ.